ಹಲಗಲಿಯ ಲಾವಣಿಯೂ ಜನಮನೋವಿಚಾರವೂ

ಮನಸ್ಸು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಮಾತು ನಡತೆಗಳಿಂದ ಅದನ್ನು ಊಹಿಸಬೇಕು. ಜರ್ಮನಿಯ ವಿಲ್ಹೆಲ್ಮ್ ವುಂಟನು 1879ರಲ್ಲಿ ಲೈಪ್ಜಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿ ಅಳತೆಯ ಮಾರ್ಗವನ್ನು ತೆರೆದನು. ಆದರೆ ಭಾಷೆ, ಪುರಾಣಕಥೆ, ಆಚಾರ ಇವುಗಳಲ್ಲಿ ವ್ಯಕ್ತವಾಗುವ ಜನಮನಸ್ಸು ಪ್ರಯೋಗಕ್ಕೆ ಸಿಲುಕದೆಂದು ಬಗೆದು, 1900ರಿಂದ 1920ರ ವರೆಗೆ ಜನಮನಶ್ಶಾಸ್ತ್ರದ ಹತ್ತು ಸಂಪುಟಗಳನ್ನು ಪ್ರಕಟಿಸಿದನು. ಎಣಿಕೆಗಿಂತ ಅರ್ಥವನ್ನು ಮುಖ್ಯವಾಗಿ ಹಿಡಿಯುವ ವಿಧಾನಕ್ಕೆ ಈಗ ಗುಣಾತ್ಮಕ ಸಂಶೋಧನೆಯೆಂದು ಹೆಸರು. ಇದಕ್ಕೆ ತಕ್ಕ ಸಾಮಗ್ರಿಯು ಬಾಗಲಕೋಟೆಯ ಸೀಮೆಯಲ್ಲಿಯೂ, ಅದನ್ನು ಪರೀಕ್ಷಿಸುವ ಕ್ರಮವು ಭಾರತೀಯ ಶಾಸ್ತ್ರಗಳಲ್ಲಿಯೂ ಉಂಟು.

ಹುನಗುಂದ ಸೀಮೆಯ ಐಹೊಳೆಯಲ್ಲಿ ರವಿಕೀರ್ತಿಯು 634ರಲ್ಲಿ ರಚಿಸಿದ ಶಾಸನವು ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳನ್ನು ವರ್ಣಿಸುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವು ಒಬ್ಬ ಪುರುಷನ ಶೀಲವನ್ನು, ಸಜ್ಜನರಿಗೆ ಸೌಮ್ಯನು, ಕೆಣಕಿದವರಿಗೆ ಉಗ್ರನು ಎಂದು ತ್ರಿಪದಿಯಲ್ಲಿ ಚಿತ್ರಿಸುತ್ತದೆ. ಎರಡೂ ಪ್ರಶಸ್ತಿಗಳೇ, ಸಾಮಾನ್ಯ ಜನರ ಸಂಕಟದ ನುಡಿಗಳಲ್ಲ. ಅಂಥ ನುಡಿಯು ಹಲಗಲಿಯ ಲಾವಣಿಯಲ್ಲಿ ದೊರೆಯುತ್ತದೆ.

ಹಲಗಲಿಯು ಆಗ ಮುಧೋಳ ಸಂಸ್ಥಾನದ ಒಂದು ಹಳ್ಳಿ. 1857ರ ನಿಶ್ಶಸ್ತ್ರೀಕರಣದ ಕಾಯಿದೆಗೆ ಅಲ್ಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರದಲ್ಲಿ ಸೈನ್ಯವು ಊರನ್ನು ಸುಟ್ಟಿತು. 19 ಜನರನ್ನು ಗಲ್ಲಿಗೇರಿಸಲಾಯಿತು. ಈ ವೃತ್ತಾಂತವನ್ನು ಕುರ್ತಕೋಟಿಯ ಕಲ್ಮೇಶನ ಅಂಕಿತದಲ್ಲಿ ಹಾಡಿದ ಲಾವಣಿಯನ್ನು ಜಾನ್ ಫೇತ್‌ಫುಲ್ ಫ್ಲೀಟ್ ಸಾಹೇಬರು ಸಂಗ್ರಹಿಸಿದರು. ಅವರ ಕನ್ನಡ ಲಾವಣಿಗಳ ಮಾಲೆಯು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾಯಿತು.

ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸಲು ಶಾಸ್ತ್ರಕಾರರು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳಿರುವರು. ಇವುಗಳನ್ನು ಲಾವಣಿಗೆ ಅನ್ವಯಿಸಿದರೆ ಜನರ ಹೃದ್ಗತವು ಸ್ಪಷ್ಟವಾಗುತ್ತದೆ. ಆಯುಧಗಳನ್ನು ಕಸಿಯುವ ಆಜ್ಞೆಯು ಉಪಕ್ರಮ; ಊರಿನ ಗುರುತೇ ಅಳಿದುದು ಉಪಸಂಹಾರ. ಮತ್ತೆ ಮತ್ತೆ ಬರುವ ‘ಹತಾರ’ ಎಂಬ ಶಬ್ದವು ಅಭ್ಯಾಸ. ಹತಾರವು ಹೋದರೆ ಜೀವವೇ ಹೋದಂತೆಂಬ ಭಾವವು ಅದರಲ್ಲಿದೆ. ಹನುಮ, ಬಾಲ, ಜಡಗ, ರಾಮ ಎಂಬವರು ‘ಮಸಲತ್ತು’ ಮಾಡಿದರೆಂದು ಕವಿಯು ಹೇಳುತ್ತಾನೆ. ಈ ಶಬ್ದಕ್ಕೆ ಆಳುವವರು ಒಳಸಂಚೆಂದು ಅರ್ಥಮಾಡಬಹುದು. ಪ್ರಕರಣವನ್ನು ನೋಡಿದರೆ ಕೂಡಿ ಆಲೋಚಿಸಿದುದೆಂದೇ ತಾತ್ಪರ್ಯ. ಒಂದು ಶಬ್ದದ ಅರ್ಥಭೇದದಿಂದ ಅಪರಾಧಿಯು ಅಭಿಮಾನಿಯಾಗುತ್ತಾನೆ.

ಅಪೂರ್ವತೆಯು ಸುಲಿಗೆಯ ವರ್ಣನೆಯಲ್ಲಿದೆ. ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಅರಿಷಿಣ, ಜೀರಿಗೆ, ಮಂಗಳಸೂತ್ರ, ಬೀಸುವ ಕಲ್ಲು ಇವನ್ನು ಕವಿಯು ಒಂದೊಂದಾಗಿ ಹೆಸರಿಸುತ್ತಾನೆ. ಸೋಲಿನ ದುಃಖವು ರಣರಂಗದಿಂದ ಅಡಿಗೆಯ ಮನೆಗೆ ಇಳಿದುದನ್ನು ಇಲ್ಲಿ ಕಾಣಬಹುದು. ಆ ನೆನಪನ್ನು ಉಳಿಸುವುದೇ ಲಾವಣಿಯ ಫಲ. ಶೌರ್ಯದ ಅತಿಶಯೋಕ್ತಿಗಳು ಅರ್ಥವಾದ. ಅವುಗಳಿಂದ ಜನರ ಅಭಿಮಾನವನ್ನು ತಿಳಿಯಬೇಕೇ ಹೊರತು ಘಟನೆಯ ಪ್ರಮಾಣವನ್ನಲ್ಲ. ನಿಶ್ಶಸ್ತ್ರೀಕರಣದ ಕಾಯಿದೆಯೊಡನೆ ಕಥೆಯು ಹೊಂದುವುದು ಉಪಪತ್ತಿ.

ಹೇಳುವವನಾರು, ಬರೆದುಕೊಂಡವನಾರು ಎಂಬುದನ್ನೂ ವಿಚಾರಿಸತಕ್ಕದ್ದು. ಕವಿಯು ಕಂಡಷ್ಟನ್ನೇ ವರ್ಣಿಸಿದೆನೆನ್ನುತ್ತಾನೆ. ಆದರೂ ಅವನು ಬೇಡರ ಪ್ರತಿನಿಧಿಯೆಂದು ಸಿದ್ಧವಾಗುವುದಿಲ್ಲ. ಸಂಗ್ರಾಹಕರು ಆಳುವ ಸರಕಾರದ ಅಧಿಕಾರಿಗಳು. ಈ ಎರಡು ಕೈಗಳನ್ನು ದಾಟಿ ಬಂದ ಮಾತೆಂಬ ಎಚ್ಚರದಿಂದ ಲಾವಣಿಯನ್ನು ಓದಬೇಕು. ಗಲ್ಲಿಗೇರಿದವರ ಸಂಖ್ಯೆಯಿಂದ ದಂಡನೆಯ ಪ್ರಮಾಣವು ತಿಳಿಯುತ್ತದೆ. ಆಯುಧವನ್ನು ಏಕೆ ಬಿಡಲಿಲ್ಲವೆಂಬುದು ಹೀಗೆ ಪರೀಕ್ಷಿಸಿದ ನುಡಿಯಿಂದಲೇ ತಿಳಿಯಬೇಕು.