ಕೆಲವರಿಗಾಗಿ ಅಚ್ಚಾದದ್ದು

ಹೊನ್ನಾವರದಿಂದ ಕುಮಟಾದ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಕರ್ಕಿ ಸಿಗುತ್ತದೆ. ಯಕ್ಷಗಾನ ಬಲ್ಲವರಿಗೆ ಅದು ಹಾಸ್ಯಗಾರ ಮನೆತನದ ಊರು. ಸಾಹಿತ್ಯ ಚರಿತ್ರೆ ಓದಿದವರಿಗೆ ಸೂರಿ ವೆಂಕಟರಮಣ ಶಾಸ್ತ್ರಿಗಳ ಊರು. 1852ರಲ್ಲಿ ಹುಟ್ಟಿ 1892ರಲ್ಲಿ ತೀರಿಕೊಂಡ ಈ ಶಾಸ್ತ್ರಿಗಳ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೇ ಕಾರಣಕ್ಕೆ ಬರುತ್ತದೆ: 1887ರಲ್ಲಿ ಅವರು ಬರೆದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಕನ್ನಡದ ಮೊದಲ ಸಾಮಾಜಿಕ ನಾಟಕ. ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಇಷ್ಟು ಸಾಕು. ಆದರೆ ಅವರು ‘ಹವ್ಯಕ ಸುಬೋಧ’ ಎಂಬ ಪತ್ರಿಕೆಯನ್ನೂ ನಡೆಸಿದವರು. ನಾಟಕಕಾರನನ್ನು ನೆನೆಯುವಾಗ ಈ ಪತ್ರಿಕಾಕರ್ತನನ್ನು ನಾವು ಅಡಿಟಿಪ್ಪಣಿಗೆ ಸರಿಸಿಬಿಡುತ್ತೇವೆ. ಉತ್ತರ ಕನ್ನಡದ ಸಣ್ಣ ಪತ್ರಿಕೆಗಳನ್ನು ಕುರಿತು ಸಂಶೋಧನೆ ಮಾಡುತ್ತಿರುವ ನನಗೆ ಆ ಅಡಿಟಿಪ್ಪಣಿಯೇ ಮುಖ್ಯವೆನಿಸಿದೆ.

ಸಣ್ಣ ಪತ್ರಿಕೆ ಎಂದಾಗ ಪುಟ ಕಡಿಮೆಯಿರುವ ಪತ್ರಿಕೆ ಎಂದು ನನ್ನ ಅರ್ಥವಲ್ಲ. ಓದುಗರು ಯಾರು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡು ಹೊರಡುವ ಪತ್ರಿಕೆ ಅದು. ಒಂದು ಸಮುದಾಯ, ಒಂದು ಕಸುಬು, ಒಂದು ಕಲೆ, ಒಂದು ಬೆಳೆ ಹೀಗೆ ಅದರ ಬೇಲಿ ಸ್ಪಷ್ಟ. ಬೇಲಿಯೊಳಗೇ ಇದ್ದು ಅದು ಬೆಳೆಯುವುದು ಹೇಗೆ? ಬೆಳೆಯಬೇಕೆಂದರೆ ಬೇಲಿ ಕಿತ್ತೊಗೆಯಲೇಬೇಕೆ? ಈ ಪ್ರಶ್ನೆಗೆ ನಮ್ಮ ಕರಾವಳಿಯಲ್ಲಿ ಸುಮಾರು ನೂರ ನಲವತ್ತು ವರ್ಷಗಳ ಇತಿಹಾಸವಿದೆ.

ಕನ್ನಡದ ಮೊದಲ ಪತ್ರಿಕೆಯನ್ನೇ ನೋಡಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ದ ಹೆಸರಿನಲ್ಲೇ ಊರಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಓದುಗರ ವಲಯ ಹಿಗ್ಗಿಸಲು ಹೆಸರು ಬದಲಿಸಿ, ಊರಿನ ಜಾಗದಲ್ಲಿ ಭಾಷೆಯನ್ನು ಇಟ್ಟರು. ಆದರೂ ಹೆಚ್ಚು ಕಾಲ ಬಾಳಲಿಲ್ಲ. ನಾಲ್ಕು ದಶಕಗಳ ಬಳಿಕ ಸೂರಿಯವರು ಹಿಡಿದದ್ದು ಇದಕ್ಕೆ ಎದುರು ದಾರಿ. ಅವರ ಪತ್ರಿಕೆಯ ಹೆಸರು ಊರನ್ನಾಗಲಿ ಭಾಷೆಯನ್ನಾಗಲಿ ಹೇಳುವುದಿಲ್ಲ. ಯಾರಿಗೆ ಬುದ್ಧಿ ಹೇಳಲಿದ್ದೇನೆ ಎಂಬುದನ್ನು ಹೇಳುತ್ತದೆ.

ಸೂರಿಯವರ ಹುಟ್ಟೂರು ಕರ್ಕಿಯಾದರೂ ಕಾರ್ಯಕ್ಷೇತ್ರ ಮುಂಬಯಿ. ಇದರ ಹಿಂದೆ ಒಂದು ಆಡಳಿತದ ನಿರ್ಧಾರವಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾಲ ಅದು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ, ಆದರೂ ವ್ಯಾಪಾರಿಗಳ ಬಾಯಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಅಮೆರಿಕದ ಅಂತರ್ಯುದ್ಧದಿಂದ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ ಈ ಬಂದರಿನ ಬೆಲೆ ಇನ್ನೂ ಏರಿತು. ಸರಕು ಹೋದ ದಾರಿಯಲ್ಲೇ ಜನವೂ ಹೋದರು. ಕೋರ್ಟು, ಕಾಲೇಜು, ಛಾಪಖಾನೆ ಎಲ್ಲಕ್ಕೂ ಹೊನ್ನಾವರದವರು ಉತ್ತರಕ್ಕೆ ಮುಖ ಮಾಡಿದರು. ಹೀಗಾಗಿ ಅಡಿಕೆ ತೋಟದ ಕಣಿವೆಗಳಲ್ಲಿ ಕುಳಿತ ಓದುಗರಿಗೆ ಮುಂಬಯಿಯಲ್ಲಿದ್ದ ಸಂಪಾದಕರೊಬ್ಬರು ಬರೆಯುವುದು ಸಾಧ್ಯವಾಯಿತು. ನಡುವೆ ಇದ್ದದ್ದು ಅಂಚೆ.

ಆ ದೂರದಿಂದ ಅವರಿಗೆ ಒಂದು ಅನುಕೂಲವಿತ್ತು. ಆಗಿನ ಮುಂಬಯಿ ಮದುವೆಯ ಪ್ರಶ್ನೆಯನ್ನು ಬೀದಿಯಲ್ಲಿ ಚರ್ಚಿಸುತ್ತಿತ್ತು. ಬೆಹ್ರಾಮ್‌ಜಿ ಮಲಬಾರಿ 1884ರಲ್ಲಿ ಬಾಲ್ಯವಿವಾಹ ಮತ್ತು ವೈಧವ್ಯದ ಬಗ್ಗೆ ಟಿಪ್ಪಣಿಗಳನ್ನು ಪ್ರಕಟಿಸಿದ್ದರು. ಬಾಲ್ಯದಲ್ಲಿ ಕಟ್ಟಿದ ಮದುವೆಯನ್ನು ಒಪ್ಪದ ರಖಮಾಬಾಯಿಯ ವಿರುದ್ಧ ದಾದಾಜಿ ಭಿಕಾಜಿ ಹೂಡಿದ ದಾವೆಯಲ್ಲಿ 1887ರ ಮಾರ್ಚಿನಲ್ಲಿ ತೀರ್ಪು ಬಂತು: ಗಂಡನ ಮನೆಗೆ ಹೋಗು, ಇಲ್ಲವಾದರೆ ಜೈಲಿಗೆ. ಅದೇ ನಗರದಲ್ಲಿದ್ದ ಸೂರಿಯವರ ಪ್ರಹಸನ ಬಂದದ್ದೂ ಅದೇ ವರ್ಷ. ಅದರ ಇನ್ನೊಂದು ಹೆಸರು ‘ಕನ್ಯಾವಿಕ್ರಯದ ಪರಿಣಾಮವು’. ಹಣ ಪಡೆದು ಹೆಣ್ಣುಮಗುವನ್ನು ವಯಸ್ಸಾದವನಿಗೆ ಕೊಡುವ ಪದ್ಧತಿಯೇ ಅದರ ಗುರಿ. ಮಹಾನಗರ ಇಡೀ ಹಿಂದೂ ಸಮಾಜದ ಬಗ್ಗೆ ವಾದಿಸುತ್ತಿದ್ದಾಗ ಸೂರಿಯವರು ಆ ವಾದವನ್ನು ತಮ್ಮ ಜನರ ಜಗಲಿಗೆ ಇಳಿಸಿದರು. ಅದಕ್ಕಾಗಿ ಮನೆಮಾತನ್ನೇ ಬಳಸಿದರು. ಪುಸ್ತಕದ ಕನ್ನಡದಲ್ಲಿ ಬೈದರೆ ಯಾರನ್ನೋ ಬೈದಂತೆ ಕೇಳುತ್ತದೆ. ಹವ್ಯಕ ಮಾತಿನಲ್ಲಿ ನಗೆಯಾಡಿದರೆ ಕುಳಿತಲ್ಲೇ ಚುಚ್ಚುತ್ತದೆ.

ಸಮುದಾಯ ಪತ್ರಿಕೆ ಎಂದೊಡನೆ ಸನ್ಮಾನ, ಉಪನಯನ, ಮದುವೆ ವಾರ್ತೆಗಳು ನೆನಪಾಗುವ ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಸಣ್ಣ ವಲಯಕ್ಕೆ ಬರೆಯುವವನ ಓದುಗರು ಅವನ ನೆಂಟರೂ ಹೌದು, ಚಂದಾದಾರರೂ ಹೌದು. ಅವರನ್ನು ನೋಯಿಸಿದರೆ ನಷ್ಟ ಎರಡು ಕಡೆಯಿಂದ. ದೊಡ್ಡ ಪತ್ರಿಕೆಯ ಸಂಪಾದಕನಿಗೆ ಸಿಟ್ಟಾದ ಓದುಗ ಒಂದು ಸಂಖ್ಯೆ. ಸಣ್ಣ ಪತ್ರಿಕೆಯವನಿಗೆ ಮುಂದಿನ ಶ್ರಾದ್ಧದ ಪಂಕ್ತಿಯಲ್ಲಿ ಪಕ್ಕ ಕೂರುವವನು. ಆದ್ದರಿಂದ ಇಂಥ ಪತ್ರಿಕೆಗಳು ಸಹಜವಾಗಿ ಹೊಗಳಿಕೆಗೆ ಜಾರುತ್ತವೆ. ಜಾರದೆ ನಿಂತವರು ಅಪರೂಪ, ಸೂರಿಯವರು ಅಂಥವರಲ್ಲಿ ಮೊದಲಿಗರು.

ಹಾಗಿದ್ದರೆ ಅವರ ಕೆಲಸ ಯಾಕೆ ಹಬ್ಬಲಿಲ್ಲ? ಇಲ್ಲೊಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಗುರಜಾಡ ಅಪ್ಪಾರಾವ್ ಅವರ ತೆಲುಗು ನಾಟಕ ‘ಕನ್ಯಾಶುಲ್ಕಂ’ ವಿಜಯನಗರದಲ್ಲಿ ರಂಗಕ್ಕೆ ಬಂದದ್ದು 1892ರಲ್ಲಿ, ಅಚ್ಚಾದದ್ದು 1897ರಲ್ಲಿ. ಗೋವಿಂದ ಬಲ್ಲಾಳ ದೇವಲ್ ಅವರ ಮರಾಠಿ ‘ಸಂಗೀತ ಶಾರದಾ’ 1899ರದು. ಎರಡರ ವಸ್ತುವೂ ಇಗ್ಗಪ್ಪ ಹೆಗ್ಗಡೆಯದ್ದೇ: ಹಣಕ್ಕೆ ಮಾರಾಟವಾಗುವ ಹುಡುಗಿ, ಮುದಿ ವರ. ತೆಲುಗರಿಗೂ ಮರಾಠಿಗರಿಗೂ ಈ ನಾಟಕಗಳು ಮನೆಮಾತು. ಅವುಗಳಿಗಿಂತ ಐದು ವರ್ಷ, ಹನ್ನೆರಡು ವರ್ಷ ಮೊದಲೇ ಬಂದ ಕನ್ನಡದ ಪ್ರಹಸನ ಮಾತ್ರ ಚರಿತ್ರೆಕಾರರ ಪಾಲಾಯಿತು.

ಭಾಷೆಯೇ ಕಾರಣ, ಹವ್ಯಕ ಕನ್ನಡ ಹೊರಗಿನವರಿಗೆ ತಿಳಿಯಲಿಲ್ಲ ಎಂಬ ಉತ್ತರ ಸುಲಭ. ಆದರೆ ಅದು ನಿಲ್ಲುವುದಿಲ್ಲ. ‘ಕನ್ಯಾಶುಲ್ಕಂ’ ಕೂಡ ಆಡುಮಾತಿನ ನಾಟಕವೇ; ಗುರಜಾಡರು ಮುನ್ನುಡಿಯಲ್ಲಿ ಆಡುಮಾತಿನ ಪರವಾಗಿ ವಾದಿಸಿಯೇ ಬರೆದರು. ವ್ಯತ್ಯಾಸವಿದ್ದದ್ದು ಬೆನ್ನಿಗೆ ನಿಂತವರಲ್ಲಿ. ಗುರಜಾಡರ ಹಿಂದೆ ವಿಜಯನಗರದ ಆನಂದ ಗಜಪತಿ ಮಹಾರಾಜರಿದ್ದರು. ಇಂಥ ಮದುವೆಗಳ ಪಟ್ಟಿಯನ್ನೇ ಅವರು ಮಾಡಿಸಿದ್ದ ಸಂಗತಿ ಅದೇ ಮುನ್ನುಡಿಯಲ್ಲಿದೆ. ದೇವಲ್ ಅವರಿಗೆ ಟಿಕೆಟ್ಟು ಮಾರಿ ಊರೂರು ಸುತ್ತುವ ಕಿರ್ಲೋಸ್ಕರ ನಾಟಕ ಮಂಡಳಿಯಿತ್ತು. ಕರ್ಕಿಯಲ್ಲೂ ರಂಗವಿತ್ತು, ಪ್ರಸಿದ್ಧ ಮೇಳವೇ ಇತ್ತು. ಆದರೆ ಬೆಳಗಿನವರೆಗೆ ಪುರಾಣ ಆಡುವ ಆ ರಂಗ ಹೆಗ್ಗಡೆಯ ಮದುವೆಯ ಪ್ರಹಸನಕ್ಕೆ ಹೇಳಿದ್ದಲ್ಲ. ಸೂರಿಯವರ ಪಾಲಿಗೆ ಉಳಿದದ್ದು ಅಚ್ಚಿನ ಮೊಳೆ ಮತ್ತು ಅಂಚೆ. ನಲವತ್ತನೆಯ ವಯಸ್ಸಿಗೇ ಅವರು ತೀರಿಕೊಂಡರು. ಒಬ್ಬನ ಹೆಗಲ ಮೇಲೆ ನಿಂತ ಕೆಲಸ ಅವನ ಜೊತೆಗೇ ಮಲಗುತ್ತದೆ.

ಒಬ್ಬನ ಹೆಗಲಿನಿಂದ ಹಲವರ ಹೆಗಲಿಗೆ ದಾಟುವುದು ಹೇಗೆ ಎಂಬುದಕ್ಕೆ ನಮ್ಮ ಕಾಲದಲ್ಲೇ ಉದಾಹರಣೆಯಿದೆ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಹೆಸರೇ ಬೇಲಿ: ಒಂದೇ ಬೆಳೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಕೃಷಿಕ ಶ್ರೀ ಪಡ್ರೆಯವರು ಅದರ ಸಂಪಾದಕೀಯ ಹೊಣೆ ಹೊತ್ತರು. ಹೊನ್ನಾವರ, ಕುಮಟಾ, ಶಿರಸಿಯ ತೋಟಿಗರಿಗೂ ಅದು ಪರಿಚಿತ. ಅದರ ಮುಖ್ಯ ನಿರ್ಧಾರ ವಿಷಯದ ಬಗ್ಗೆ ಆಗಿರಲಿಲ್ಲ, ಬರೆಯುವವರ ಬಗ್ಗೆ ಆಗಿತ್ತು. ವಿಜ್ಞಾನಿ ಬರೆಯುವುದು, ರೈತ ಓದುವುದು ಎಂಬ ಕ್ರಮವನ್ನು ತಿರುಗಿಸಿ ರೈತನೇ ಬರೆಯಲಿ ಎಂದರು. ‘ಕೃಷಿಕರ ಕೈಗೆ ಲೇಖನಿ’ ಎಂಬ ಶಿಬಿರಗಳನ್ನು ನಡೆಸಿ, ಗುದ್ದಲಿ ಹಿಡಿದ ಕೈಗಳಿಗೆ ವರದಿ ಬರೆಯುವುದನ್ನು ಕಲಿಸಿದರು. ಓದುಗ ಬರಹಗಾರನಾದಾಗ ಪತ್ರಿಕೆ ಅವನದೂ ಆಗುತ್ತದೆ.

ಇನ್ನೊಂದನ್ನೂ ಗಮನಿಸಬೇಕು. ‘ಅಡಿಕೆ ಪತ್ರಿಕೆ’ ಅಡಿಕೆಯಲ್ಲೇ ನಿಲ್ಲಲಿಲ್ಲ. ಮಳೆನೀರಿನ ಕೊಯ್ಲು, ಹಲಸಿನ ಮೌಲ್ಯವರ್ಧನೆಯಂಥ ವಿಷಯಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿತು. ಹೊಸ ಓದುಗರನ್ನು ಹುಡುಕಿಕೊಂಡು ಹೋದ ವಿಸ್ತಾರ ಇದಲ್ಲ. ಅದೇ ಓದುಗನ ತೋಟದಲ್ಲಿ ಬೇಸಿಗೆಗೆ ಬಾವಿ ಬತ್ತುತ್ತದೆ, ಹಲಸು ಕೊಳೆಯುತ್ತದೆ. ಅವನ ಬದುಕಿನ ಹಿಂದೆ ಹೋದ ಪತ್ರಿಕೆ ತಾನಾಗಿ ಹಿಗ್ಗಿತು. ಬೇಲಿ ಕೀಳಬೇಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಬೇಲಿಯೊಳಗಿನ ನೆಲವನ್ನೇ ಇನ್ನಷ್ಟು ಆಳಕ್ಕೆ ಅಗೆಯಬಹುದು.

ಭಟ್ಕಳ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅಲ್ಲಿನ ನವಾಯತರ ಮನೆಮಾತು ನವಾಯತಿ, ಕೊಂಕಣಿಯ ಬಳಗದ ಭಾಷೆ. ಬರೆಯುವುದು ಉರ್ದು ಲಿಪಿಯಲ್ಲಿ. ಈ ಭಾಷೆಯಲ್ಲಿ ‘ನಕ್ಷೆ ನವಾಯತ್’ ಎಂಬ ಪಾಕ್ಷಿಕವೊಂದು ಬಂತು. ಒಂದು ಪಟ್ಟಣದ ಭಾಷೆಗೆ ಒಂದು ಪತ್ರಿಕೆಯೇ ಎಂದು ಕೇಳಬಹುದು. ಆದರೆ ಭಟ್ಕಳದವರು ಭಟ್ಕಳದಲ್ಲಷ್ಟೇ ಇಲ್ಲ. ಮುಂಬಯಿ, ಚೆನ್ನೈ, ಕೊಲ್ಲಿ ದೇಶಗಳಲ್ಲಿದ್ದಾರೆ. ಮನೆಯೊಳಗೆ ಆಡುವ ಮಾತನ್ನು ಅಚ್ಚಿನಲ್ಲಿ ಕಾಣುವುದೇ ದೂರದಲ್ಲಿರುವವರಿಗೆ ಚಂದಾ ಕಟ್ಟಲು ಸಾಕಾದ ಕಾರಣ. ಮುಂಬಯಿಯಿಂದ ಹೊನ್ನಾವರಕ್ಕೆ ಬರೆದ ಸೂರಿಯವರ ನಕ್ಷೆಯನ್ನೇ ಇಲ್ಲಿ ಮಗುಚಿ ಹಾಕಿದಂತಿದೆ.

ಕಸುಬಿನ ಪತ್ರಿಕೆಗೂ ನಮ್ಮಲ್ಲಿ ಉದಾಹರಣೆಯುಂಟು. ಹೊನ್ನಾವರ ತಾಲ್ಲೂಕಿನ ಕಡತೋಕಾದ ಮಂಜುನಾಥ ಭಾಗವತರು ಧರ್ಮಸ್ಥಳ ಮೇಳದಲ್ಲಿ ಹಾಡಿದವರು; ‘ಯಕ್ಷಗಾನ’ ಎಂಬ ಮಾಸಪತ್ರಿಕೆಯ ಸಂಪಾದಕರೂ ಅವರೇ. ರಾತ್ರಿ ಜಾಗಟೆ ಹಿಡಿಯುವವನು ಹಗಲು ಕರಡು ತಿದ್ದುವುದೆಂದರೆ ಏನೆಂಬುದು ತಿರುಗಾಟದ ಮೇಳಗಳನ್ನು ಬಲ್ಲವರಿಗೆ ಗೊತ್ತು. ಕಲಾವಿದರನ್ನು ಕುರಿತು ಇತರರು ಬರೆಯುವುದು ಹೆಚ್ಚು, ಕಲಾವಿದರೇ ತಮ್ಮ ಕಸುಬಿನ ಪತ್ರಿಕೆ ನಡೆಸುವುದು ಕಡಿಮೆ. ಹಾಡುವವನಿಗೆ ಕಾಣುವ ಪ್ರಶ್ನೆಗಳೇ ಬೇರೆ: ಪದ್ಯದ ನಡೆ, ಏರುವ ಶ್ರುತಿ, ಪ್ರಸಂಗವನ್ನು ಎಲ್ಲಿ ಕತ್ತರಿಸಬೇಕು ಎಂಬುದು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಸಣ್ಣ ಪತ್ರಿಕೆಯನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು ಎನಿಸುತ್ತದೆ. ಹಣ ಕೊಡುವವರು ಯಾರು? ಬರೆಯುವವರು ಯಾರು? ಕಾಪಿಡುವವರು ಯಾರು? ಮೊದಲ ಎರಡನ್ನು ಸಂಪಾದಕ ಎಂದಾದರೂ ಯೋಚಿಸಿರುತ್ತಾನೆ. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಹೊನ್ನಾವರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಹಾಳೆ ಹಾಳೆಗೆ ಅಂಟುತ್ತದೆ, ಗೆದ್ದಲು ತನ್ನ ಕೆಲಸ ಮಾಡುತ್ತದೆ. ದೊಡ್ಡ ಪತ್ರಿಕೆಗಳಿಗೆ ಗ್ರಂಥಾಲಯಗಳಿವೆ. ಪುಸ್ತಕಗಳ ಪ್ರತಿ ಸಲ್ಲಿಸಬೇಕೆಂಬ 1954ರ ಕಾಯಿದೆ 1956ರಲ್ಲಿ ಪತ್ರಿಕೆಗಳಿಗೂ ಅನ್ವಯವಾಯಿತಾದರೂ ಹಳ್ಳಿಯ ಅಂಚೆ ಚೀಲದಲ್ಲಿ ತಿರುಗುವ ಪತ್ರಿಕೆಯ ನಿಜವಾದ ಗ್ರಂಥಾಲಯ ಮನೆಯ ಅಟ್ಟ.

ನನ್ನ ಕ್ಷೇತ್ರಕಾರ್ಯದ ಬಹುಪಾಲು ನಡೆದದ್ದು ಅಂಥ ಅಟ್ಟಗಳ ಕೆಳಗೆ, ಏಣಿ ಹಿಡಿದುಕೊಂಡು. ಮೇಲಿಂದ ಇಳಿಯುವ ಕಟ್ಟುಗಳಲ್ಲಿ ಪಂಚಾಂಗ ಇರುತ್ತದೆ, ಸೊಸೈಟಿಯ ಅಡಿಕೆ ಪಟ್ಟಿ ಇರುತ್ತದೆ, ನಡುವೆ ಎಲ್ಲೋ ಹೊದಿಕೆ ಹರಿದ ಒಂದೆರಡು ಸಂಚಿಕೆಗಳು. ಪೂರ್ಣ ಸಂಪುಟ ಸಿಗುವುದು ಕಡಿಮೆ. ಸಿಕ್ಕ ಬಿಡಿ ಸಂಚಿಕೆಗಳಲ್ಲಿ ನಾನು ಮೊದಲು ನೋಡುವುದು ಲೇಖನಗಳನ್ನಲ್ಲ, ಕೊನೆಯ ಪುಟವನ್ನು. ಚಂದಾ ಬಾಕಿಯಿರುವವರಿಗೆ ವಿನಂತಿ, ವಿಳಾಸ ಬದಲಾದವರಿಗೆ ಸೂಚನೆ ಇರುವುದು ಅಲ್ಲೇ. ಸಂಪಾದಕರು ತಮ್ಮ ಓದುಗರನ್ನು ಹೆಸರು ಹಿಡಿದು ಬಲ್ಲವರಾಗಿದ್ದರು ಎಂಬುದಕ್ಕೆ ಇಂಥ ಪುಟಗಳಿಗಿಂತ ದೊಡ್ಡ ದಾಖಲೆ ಬೇಕಿಲ್ಲ.

ಇದನ್ನು ಓದುವವರಲ್ಲಿ ಕೆಲವರಾದರೂ ಒಂದು ವಿಷಯಕ್ಕೆ, ಒಂದು ಕಸುಬಿಗೆ, ಒಂದು ಸೀಮೆಗೆ ಮೀಸಲಾದ ಪತ್ರಿಕೆ ನಡೆಸುವ ಯೋಚನೆಯಲ್ಲಿರಬಹುದು. ಓದುಗರು ಎಷ್ಟು ಜನ ಎಂಬ ಲೆಕ್ಕವೇ ಅವರನ್ನು ಮೊದಲು ಹೆದರಿಸುತ್ತದೆ. ಕರ್ಕಿಯ ಶಾಸ್ತ್ರಿಗಳಿಗೂ ಆ ಲೆಕ್ಕ ದೊಡ್ಡದಿದ್ದಿರಲಾರದು. ಆದರೂ ಅವರು ತಮ್ಮವರು ಕೇಳಲು ಇಷ್ಟಪಡದ ಮಾತನ್ನು ತಮ್ಮವರಿಗೆ ಅರ್ಥವಾಗುವ ಮಾತಿನಲ್ಲೇ ಅಚ್ಚು ಹಾಕಿಸಿದರು. ಓದುಗರು ಬೆಳೆಯುವುದು ನಿಧಾನ. ಪ್ರತಿ ಸಂಚಿಕೆಯ ಎರಡೆರಡು ಪ್ರತಿಗಳನ್ನು ಒಣಗಿದ ಜಾಗದಲ್ಲಿ ಎತ್ತಿಡುವ ಕೆಲಸವನ್ನಂತೂ ಮೊದಲ ಸಂಚಿಕೆಯಿಂದಲೇ ಶುರುಮಾಡಬಹುದು.