ಹೊನ್ನಾವರದಲ್ಲಿ ಇಬ್ನು ಬತೂತಾ ಕಂಡದ್ದು

ಕಳೆದ ತಿಂಗಳು ಜುಮಾ ನಮಾಝ್ ಮುಗಿದ ಮೇಲೆ, ಬಯಲುಸೀಮೆಯಿಂದ ವರ್ಗವಾಗಿ ಬಂದ ಸಹೋದರರೊಬ್ಬರು ನನ್ನ ಬಳಿ ಬಂದು ಕುಳಿತರು. “ಹಜರತ್, ರಜೆಯಲ್ಲಿ ಮಕ್ಕಳಿಗೆ ಈ ಕರಾವಳಿಯನ್ನು ತೋರಿಸಬೇಕೆಂದಿದ್ದೇನೆ. ಎಲ್ಲಿಗೆ ಕರೆದುಕೊಂಡು ಹೋಗಲಿ?” ಎಂದು ಕೇಳಿದರು.

ನಾನು ತಿಳಿದಷ್ಟು ಹೇಳಿದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆ, ಕಾಸರಕೋಡಿನ ಕಡಲತೀರ ಮತ್ತು ಕಾಂಡ್ಲಾ ಕಾಡು, ಹತ್ತಿರದ ಅಪ್ಸರಕೊಂಡದ ಜಲಪಾತ, ಉತ್ತರಕ್ಕೆ ಅಘನಾಶಿನಿಯ ಬಳಿಯ ಮಿರ್ಜಾನ್ ಕೋಟೆ, ಹೊಳೆಯ ಗುಂಟ ಮೇಲಕ್ಕೆ ಹೋದರೆ ಗೇರುಸೊಪ್ಪೆಯ ಚತುರ್ಮುಖ ಬಸದಿ, ದಕ್ಷಿಣಕ್ಕೆ ಭಟ್ಕಳದ ಹಳೆಯ ಕೇರಿಗಳು. ಅವರು ಸಂತೋಷದಿಂದ ಹೋದರು. ಆದರೆ ಹೇಳಬೇಕಾದ ಮುಖ್ಯ ಮಾತೊಂದು ಉಳಿದುಹೋಯಿತು ಎಂದು ನನಗೆ ಆಮೇಲೆ ಅನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸುಮಾರು 680 ವರ್ಷಗಳ ಹಿಂದೆಯೂ ಈ ತೀರಕ್ಕೆ ಒಬ್ಬ ಹೊಸಬರು ಬಂದಿದ್ದರು. ಅವರೇ ಇಬ್ನು ಬತೂತಾ. 1304ರಲ್ಲಿ ಮೊರೊಕ್ಕೊ ದೇಶದ ತಂಜಾ ನಗರದಲ್ಲಿ ಹುಟ್ಟಿದವರು. ಹಜ್ಜಿಗೆಂದು ಮನೆ ಬಿಟ್ಟು, ನಾಡುಗಳನ್ನು ಸುತ್ತುತ್ತಾ ದಿಲ್ಲಿಗೆ ಬಂದು, ಮುಹಮ್ಮದ್ ಬಿನ್ ತುಘಲಕ್‌ನ ಆಸ್ಥಾನದಲ್ಲಿ ಖಾಝಿಯಾಗಿದ್ದರು. 1342ರಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ ಅವರ ಹಡಗು ಪಶ್ಚಿಮ ಕರಾವಳಿಯ ಗುಂಟ ಸಾಗಿ, ಅವರು ‘ಹಿನಾವ್ರ್’ ಎಂದು ಕರೆದ ಹೊನ್ನಾವರಕ್ಕೆ ಬಂತು. ದೊಡ್ಡ ಹಡಗುಗಳು ಒಳಬರುವ ಅಳಿವೆಯ ದಂಡೆಯಲ್ಲಿ ಈ ಊರಿದೆ. ಮಳೆಗಾಲದ ನಾಲ್ಕು ತಿಂಗಳು ಕಡಲು ಕೆರಳಿ, ಮೀನು ಹಿಡಿಯಲು ಬಿಟ್ಟರೆ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ ಎಂದು ಅವರು ಹೇಳಿದ್ದಾರೆ. ಇಂದಿನ ಮೀನುಗಾರರೂ ಈ ಮಾತನ್ನು ಒಪ್ಪಿಯಾರು.

ಆಗ ಇಲ್ಲಿ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನರಿದ್ದರು. ಅವರ ಮೇಲೆ ‘ಹರ್‌ಯಬ್’ ಎಂಬ ಮುಸ್ಲಿಮೇತರ ಅರಸನಿದ್ದ. ಅದು ವಿಜಯನಗರದ ಹರಿಹರನ ಹೆಸರೆಂಬುದು ಇತಿಹಾಸಕಾರರ ಅಭಿಪ್ರಾಯ. ಜಮಾಲುದ್ದೀನರು ಜಮಾಅತ್ ತಪ್ಪಿಸುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಮಸೀದಿಗೆ ಬಂದು ಕುರ್‌ಆನ್ ಓದುತ್ತಿದ್ದರು.

ಊರಿನವರು ಶಾಫಿಈ ಮದ್ಹಬಿನವರು ಎಂದು ಇಬ್ನು ಬತೂತಾ ಬರೆದಿದ್ದಾರೆ. ಫಜ್ರ್ ನಮಾಝಿನಲ್ಲಿ ನಾವು ಕುನೂತ್ ಓದುವುದನ್ನು ಕಂಡು ಆಶ್ಚರ್ಯಪಡುವ ಹೊಸಬರು ಇದನ್ನು ಗಮನಿಸಬೇಕು. ನಾವು ಇನ್ನೊಂದನ್ನು ಗಮನಿಸಬೇಕು: ಇಬ್ನು ಬತೂತಾ ಮಾಲಿಕೀ ಮದ್ಹಬಿನವರು. ಆದರೂ ಈ ಊರು ಅವರನ್ನು ಹೊರಗಿನವರೆಂದು ದೂರವಿಡದೆ ಸುಲ್ತಾನರ ಊಟಕ್ಕೇ ಕೂರಿಸಿಕೊಂಡಿತು.

ಆ ಊಟವನ್ನೂ ಅವರು ಬಿಡದೆ ವರ್ಣಿಸಿದ್ದಾರೆ. ಅನ್ನ, ತುಪ್ಪ, ಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ಅದಾದ ಮೇಲೆ ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗದು ಎಂದು. ಮತ್ತೊಮ್ಮೆ ಬಂದು ಹನ್ನೊಂದು ತಿಂಗಳು ಇದ್ದಾಗ, ಅಷ್ಟೂ ದಿನ ರೊಟ್ಟಿಯ ಮುಖ ಕಾಣಲಿಲ್ಲವಂತೆ! ನಮ್ಮ ಬಯಲುಸೀಮೆಯ ಸಹೋದರರಿಗೆ ಇದರಿಂದ ಸ್ವಲ್ಪ ಸಮಾಧಾನವಾದೀತು.

ಇನ್ನು ಮುಖ್ಯ ವಿಷಯ. ಅರ್ಧ ಪ್ರಪಂಚ ಸುತ್ತಿದ್ದ ಆ ಪ್ರಯಾಣಿಕನಿಗೆ ಹೊನ್ನಾವರದಲ್ಲಿ ಅತ್ಯಂತ ವಿಶೇಷವಾಗಿ ಕಂಡದ್ದು ಹೊಳೆಯೂ ಅಲ್ಲ, ಕಡಲೂ ಅಲ್ಲ. ಇಲ್ಲಿ ಹುಡುಗರಿಗೆ 23 ಶಾಲೆಗಳು, ಹುಡುಗಿಯರಿಗೆ 13 ಶಾಲೆಗಳು ಇದ್ದವು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಈ ಊರಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು ಎಂದೂ ಹೊಗಳಿದ್ದಾರೆ. ಊರಿನವರಿಗೆ ಸಾಗುವಳಿಯ ಭೂಮಿ ಇರಲಿಲ್ಲ, ಕಡಲ ವ್ಯಾಪಾರದಿಂದಲೇ ಬದುಕುತ್ತಿದ್ದರು. ಆ ದುಡಿಮೆಯ ನಡುವೆಯೂ ಅವರು ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ ನಡೆಸಿದರು.

ಇದೇ ಸುಲ್ತಾನರಿಗೆ ಬಲವಾದ ನೌಕಾಪಡೆ ಇತ್ತು. ಗೋವೆಯ ಮೇಲೆ ಅದು ದಂಡೆತ್ತಿ ಹೋದಾಗ ಇಬ್ನು ಬತೂತಾ ಕೂಡ ಜೊತೆಗಿದ್ದರು. ಆ ಹಡಗುಗಳೂ ಇಂದಿಲ್ಲ, ಆ ಆಳ್ವಿಕೆಯೂ ಇಲ್ಲ. ಹೊನ್ನಾವರದ ಮುಸ್ಲಿಮರ ಹೆಸರು ಲೋಕದಲ್ಲಿ ಉಳಿದದ್ದು ಮಕ್ಕಳ ಶಾಲೆಗಳಿಂದ.

ಇನ್ನೊಂದು ವಿಷಯವನ್ನೂ ಹೇಳಬೇಕು. ಗೋವೆಯಿಂದ ತೆಂಕಣಕ್ಕೆ ಹೋಗುವ ನೆರಳಿನ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ಮನೆ, ದಾರಿಹೋಕರು ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮುಸ್ಲಿಮೇತರ ಸಹೋದರ. ಆ ಕಾಲದ ಕಟ್ಟಳೆಯಂತೆ ಮುಸ್ಲಿಮರಿಗೆ ಪಾತ್ರೆ ಕೊಡುತ್ತಿರಲಿಲ್ಲ. ಸಾಕು ಎನ್ನುವವರೆಗೆ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಮುಸ್ಲಿಮರ ಮನೆ ಇಲ್ಲದ ಕಡೆ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಿದ್ದರು. ಪಾತ್ರೆ ಬೇರೆಯಾಗಿತ್ತು, ನಿಜ. ಆದರೆ ದಾರಿಹೋಕನನ್ನು ಬಾಯಾರಿಕೆಯಲ್ಲಿ ಬಿಟ್ಟ ನಾಡಲ್ಲ ಇದು.

ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನನ್ನೂ ಕುರ್‌ಆನ್ ಸೇರಿಸಿದೆ. ಭೂಮಿಯಲ್ಲಿ ಸಂಚರಿಸಿ ನೋಡಿರಿ ಎಂದು ಅದು ಹಲವು ಕಡೆ ಕರೆ ಕೊಡುತ್ತದೆ. ಅಲ್ಲಿ ನೋಡುವುದೆಂದರೆ ಹಿಂದಿನವರು ಹೇಗೆ ಬಾಳಿದರು, ಅವರ ಗತಿ ಏನಾಯಿತು ಎಂದು ತಿಳಿದು ಪಾಠ ಕಲಿಯುವುದು.

ಮುಂದಿನ ಜುಮಾದಲ್ಲಿ ಆ ಸಹೋದರರು ಸಿಕ್ಕಿದಾಗ ಇದನ್ನೆಲ್ಲ ಹೇಳಿ, “ಮಗಳು ಯಾವ ಮದ್ರಸಕ್ಕೆ ಹೋಗುತ್ತಿದ್ದಾಳೆ?” ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. “ಬಂದು ಎರಡು ತಿಂಗಳಾಯಿತು ಹಜರತ್. ಎಲ್ಲಿ ಸೇರಿಸುವುದೆಂದು ತಿಳಿಯಲಿಲ್ಲ. ಯಾರೂ ಕೇಳಲೂ ಇಲ್ಲ.”

ತಲೆ ತಗ್ಗಿಸಬೇಕಾದವನು ನಾನು. ಎಂಟು ಜುಮಾಗಳಲ್ಲಿ ಅವರು ನನ್ನ ಹಿಂದೆ ನಮಾಝ್ ಮಾಡಿದ್ದರು. ಕಡಲ ದಾರಿ ತೋರಿಸಿದ ನಾನು ಮದ್ರಸದ ದಾರಿ ತೋರಿಸಿರಲಿಲ್ಲ. ಮರುದಿನವೇ ಆ ಮಗು ಸೇರಿಕೊಂಡಳು, ಅಲ್ಹಮ್ದುಲಿಲ್ಲಾಹ್.

ನಿಮ್ಮ ಕೇರಿಗೂ ಹೊಸ ಕುಟುಂಬಗಳು ಬಂದಿರಬಹುದು. ಅವರಿಗೆ ಕಡಲನ್ನೂ ಕೋಟೆಯನ್ನೂ ತೋರಿಸಿರಿ. ಅದಕ್ಕೆ ಮೊದಲು ಅವರ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಶಾಲೆಗೆ, ಮದ್ರಸಕ್ಕೆ ಸೇರಿದ್ದಾರೆಯೇ ಎಂದು ವಿಚಾರಿಸಿರಿ. ಇದೇ ಪ್ರಶ್ನೆಯನ್ನು ನಮ್ಮ ನಮ್ಮ ಮನೆಯ ಹೆಣ್ಣುಮಕ್ಕಳ ಬಗ್ಗೆಯೂ ಕೇಳಿಕೊಳ್ಳೋಣ. ನಾಳೆ ಈ ಕರಾವಳಿಗೆ ಬರುವ ಪ್ರಯಾಣಿಕನೂ ನಮ್ಮ ಬಗ್ಗೆ ಅಂಥದ್ದೇ ಒಳ್ಳೆಯ ಮಾತು ಬರೆಯುವಂತೆ ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.