ಹಲ್ಲಿನ ಬೇರಿಗೆ ಫ್ಲೋರೈಡ್ ಲೇಪನ

ವಸಡು ಸರಿದು ಹೊರಗೆ ಕಾಣುವ ಹಲ್ಲಿನ ಬೇರನ್ನು ಹುಳುಕಿನಿಂದ ಕಾಪಾಡಲು ಫ್ಲೋರೈಡನ್ನು ನೇರವಾಗಿ ಹಚ್ಚುವ ಚಿಕಿತ್ಸೆ. ಬೇರಿಗೆ ಎನಾಮಲ್ ಹೊದಿಕೆಯಿಲ್ಲ. ಎನಾಮಲ್ ಕರಗಲು ಪಿಎಚ್ ಸುಮಾರು 5.5ಕ್ಕೆ ಇಳಿಯಬೇಕು; ಬೇರು 6.2ರಿಂದ 6.7ರಲ್ಲೇ ಕರಗತೊಡಗುತ್ತದೆ. ವಯಸ್ಸಾದಂತೆ ವಸಡು ಸರಿಯುವುದರಿಂದ ಬೇರಿನ ಹುಳುಕು ಮುಖ್ಯವಾಗಿ ಹಿರಿಯರ ರೋಗ.

ಇತಿಹಾಸ: 1942ರಲ್ಲಿ ಅಮೆರಿಕದಲ್ಲಿ ದಂತ ಸಂಶೋಧಕ ಬಿಬಿ ಅವರು ಸೋಡಿಯಂ ಫ್ಲೋರೈಡ್ ದ್ರಾವಣವನ್ನು ಹಲ್ಲಿಗೆ ಹಚ್ಚಿ ಪರೀಕ್ಷಿಸಿದರು. ಮುಂದೆ ನಟ್ಸನ್ ಅವರ ಶೇ. 2ರ ದ್ರಾವಣದ ಕ್ರಮ ಬಳಕೆಗೆ ಬಂತು. ಇವೆಲ್ಲ ಮಕ್ಕಳ ಹಲ್ಲಿಗಾಗಿ ರೂಪುಗೊಂಡವು. 1964ರಲ್ಲಿ ಜರ್ಮನಿಯಲ್ಲಿ ಫ್ಲೋರೈಡ್ ವಾರ್ನಿಶ್ ಬಂತು; ಈಗ ಬಳಕೆಯಲ್ಲಿರುವ ಶೇ. 5ರ ವಾರ್ನಿಶ್‌ನಲ್ಲಿ 22,600 ಪಿಪಿಎಂ ಫ್ಲೋರೈಡ್ ಇರುತ್ತದೆ. 1970ರ ಸುಮಾರಿಗೆ ಜಪಾನಿನಲ್ಲಿ ಶೇ. 38ರ ಸಿಲ್ವರ್ ಡೈಅಮೀನ್ ಫ್ಲೋರೈಡ್ ಬಳಕೆಗೆ ಬಂತು. ಹಿರಿಯರ ಬೇರಿನ ಹುಳುಕಿನತ್ತ ಗಮನ ಹರಿದದ್ದು ತಡವಾಗಿ. ಹಾಂಗ್‌ಕಾಂಗ್‌ನ ವೃದ್ಧರಲ್ಲಿ ಮೂರು ವರ್ಷ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳಿಗೊಮ್ಮೆ ವಾರ್ನಿಶ್, ಇಲ್ಲವೇ ವರ್ಷಕ್ಕೊಮ್ಮೆ ಸಿಲ್ವರ್ ದ್ರಾವಣ ಹಚ್ಚಿದವರಲ್ಲಿ ಬೇರಿನ ಹುಳುಕು ಕಡಿಮೆಯಾಗಿತ್ತು. 2021ರಲ್ಲಿ ಈ ದ್ರಾವಣ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು.

ವಿಧಾನ: ಬೇರನ್ನು ಶುಚಿಗೊಳಿಸಿ, ಹತ್ತಿಯಿಂದ ತೇವ ಹೀರಿ, ಸಣ್ಣ ಕುಂಚದಿಂದ ಒಂದು ಹನಿ ಸಿಲ್ವರ್ ದ್ರಾವಣವನ್ನು ಹಚ್ಚಿ ಒಂದು ನಿಮಿಷದಷ್ಟು ಬಿಡುತ್ತಾರೆ. ಕೊರೆಯುವುದಾಗಲಿ ಅರಿವಳಿಕೆಯಾಗಲಿ ಬೇಡ. ಹುಳುಕಿನ ಭಾಗ ಕಪ್ಪಾಗಿ ಗಟ್ಟಿಯಾಗುತ್ತದೆ. ಈ ಬಣ್ಣ ಹೋಗುವುದಿಲ್ಲ. ಇದನ್ನು ರೋಗಿಗೆ ಮೊದಲೇ ತಿಳಿಸಬೇಕು.

ಕರ್ನಾಟಕದಲ್ಲಿ: ಕೋಲಾರ, ತುಮಕೂರಿನಂಥ ಜಿಲ್ಲೆಗಳಲ್ಲಿ ಫ್ಲೋರೈಡ್ ಎಂದರೆ ಕೊಳವೆಬಾವಿ ನೀರಿನ ಫ್ಲೋರೋಸಿಸ್ ನೆನಪಾಗುತ್ತದೆ. ಆದರೆ ನಿತ್ಯ ಕುಡಿಯುವ ನೀರಿನ ಫ್ಲೋರೈಡ್ ಬೇರೆ, ವರ್ಷಕ್ಕೊಂದೆರಡು ಸಲ ಹಚ್ಚುವ ಹನಿ ಬೇರೆ. ಬೆಳಗಾವಿ ಜಿಲ್ಲೆಯ ಶಿರಗುಪ್ಪಿ, ಕಾಗವಾಡ, ಚಿಕ್ಕೋಡಿಯಂಥ ಮಹಾರಾಷ್ಟ್ರ ಗಡಿ ಸೀಮೆಯಲ್ಲಿ ಬೇರಿನ ಹುಳುಕಿಗೆ ಹತ್ತಿರದ ಸಂಗತಿ ತಂಬಾಕು. ಇದೇ ಸೀಮೆಯ ನಿಪ್ಪಾಣಿ ತಂಬಾಕಿನ ಪೇಟೆ. ತಂಬಾಕು ಸುಟ್ಟು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಗಡಿಯ ಎರಡೂ ಬದಿಗಿದೆ. ಹೊಗೆರಹಿತ ತಂಬಾಕು ತಾಗುವಲ್ಲಿ ವಸಡು ಸರಿದು ಬೇರು ಬಯಲಾಗುತ್ತದೆ. ರಾಜ್ಯದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುತ್ತದೆ. ಅದು ಹಲ್ಲು ಹೋದ ಮೇಲಿನ ನೆರವು. ಇರುವ ಹಲ್ಲನ್ನೇ ಉಳಿಸಬಲ್ಲ ಈ ಅಗ್ಗದ ಲೇಪನ ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಸಿಗುವಂತಾಗಬೇಕು.